ಕಾಲು ಉಳುಕುವುದು ಇಳಿಯುವಾಗ

ಮನುಷ್ಯನ ಒಂದು ಪಾದದಲ್ಲಿ 26 ಮೂಳೆಗಳಿವೆ. ಎರಡೂ ಪಾದಗಳದ್ದು ಸೇರಿದರೆ 52. ದೇಹದ ಒಟ್ಟು 206 ಮೂಳೆಗಳಲ್ಲಿ ನಾಲ್ಕನೇ ಒಂದು ಪಾಲು. ಅವುಗಳ ನಡುವೆ ಮೂವತ್ತಕ್ಕೂ ಹೆಚ್ಚು ಕೀಲುಗಳಿವೆ. ಮೂಳೆಗೆ ಮೂಳೆಯನ್ನು ಬಿಗಿಯುವ ಲಿಗಮೆಂಟ್‌ಗಳು, ಮಾಂಸಖಂಡವನ್ನು ಮೂಳೆಗೆ ಸೇರಿಸುವ ಟೆಂಡನ್‌ಗಳು ಎಲ್ಲ ಕೂಡಿ ನೂರನ್ನು ದಾಟುತ್ತವೆ. ಇಷ್ಟು ಕಿರಿದಾದ ಜಾಗದಲ್ಲಿ ಇಷ್ಟೊಂದು ತುಣುಕುಗಳಿರುವುದಕ್ಕೆ ಕಾರಣ, ಪಾದ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸ ಮಾಡಬೇಕಾಗಿರುವುದು. ನೆಲಕ್ಕೆ ತಾಗಿದ ಕೂಡಲೇ ಅದು ಸಡಿಲವಾಗಿ ಕಲ್ಲು, ಹಳ್ಳ, ದಿಣ್ಣೆಗಳಿಗೆ ಹೊಂದಿಕೊಳ್ಳಬೇಕು. ಮರುಗಳಿಗೆಯಲ್ಲೇ ಬಿಗಿಯಾಗಿ, ನೆಲವನ್ನು ಒದ್ದು ದೇಹವನ್ನು ಮುಂದಕ್ಕೆ ತಳ್ಳಬೇಕು. ಒಂದು ಹೆಜ್ಜೆಯಲ್ಲಿ ಪಾದ ನೆಲದ ಮೇಲಿರುವುದು ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು. ಅಷ್ಟರೊಳಗೆ ಈ ಬದಲಾವಣೆ ನಡೆದುಹೋಗಬೇಕು. ಪಾದದ ಬಹಳಷ್ಟು ಗಾಯಗಳು ಬಿಗಿಯಾಗಬೇಕಾದ ಹೊತ್ತಿನಲ್ಲಿ ಸಡಿಲವಾಗಿದ್ದುದರಿಂದಲೋ, ಸಡಿಲ ಮತ್ತು ಬಿಗಿಯ ಈ ಆಟ ಮಿತಿಮೀರಿ ನಡೆದುದರಿಂದಲೋ ಆಗುವಂಥವು.

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಪಾದಕ್ಕೆ ಕೆಲಸ ಹೆಚ್ಚು. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಲ್ಲಿರುವ ಮಧುವನಹಳ್ಳಿಯನ್ನು ಹಾದು, ಶಿವರಾತ್ರಿ, ಯುಗಾದಿ, ದೀಪಾವಳಿಯ ಆಸುಪಾಸಿನಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರಿಗಳು ಸಾಗುತ್ತಾರೆ. ಮಧುವನಹಳ್ಳಿ, ಕಾಮಗೆರೆ, ಹನೂರು, ಕೌದಳ್ಳಿ, ತಾಳಬೆಟ್ಟ, ಅಲ್ಲಿಂದಾಚೆ ಕಾಡಿನ ಏರಿಳಿತದ ದಾರಿ. ಕೊಳ್ಳೇಗಾಲದಿಂದ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಒಂದು ಹೆಜ್ಜೆಗೆ 70 ಸೆಂ.ಮೀ. ಎಂದು ಹಿಡಿದರೆ ಒಟ್ಟು 1.14 ಲಕ್ಷ ಹೆಜ್ಜೆ. ಒಂದೊಂದು ಪಾದವೂ 57 ಸಾವಿರ ಬಾರಿ ನೆಲ ತುಳಿಯುತ್ತದೆ. ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ಪ್ರತಿ ಹೆಜ್ಜೆಯಲ್ಲೂ ಪಾದದ ಮೇಲೆ ಬೀಳುವ ಗರಿಷ್ಠ ಹೊರೆ ದೇಹದ ತೂಕಕ್ಕಿಂತ ಸುಮಾರು ಐದನೇ ಒಂದು ಪಾಲು ಹೆಚ್ಚು. ಓಡುವಾಗ ಅದು ತೂಕದ ಎರಡು ಮೂರು ಪಟ್ಟು. ಬಹುಮಂದಿ ಹರಕೆ ಹೊತ್ತು ಬರಿಗಾಲಲ್ಲೇ ನಡೆಯುತ್ತಾರೆ. ಇದೇ ಸೀಮೆಯಲ್ಲಿ ಗದ್ದೆಯ ಬದುವಿನ ಮೇಲೆ ನಡೆಯುವವರು, ತೆಂಗಿನ ಮರ ಹತ್ತುವವರು, ರೇಷ್ಮೆ ಮಗ್ಗದ ಕಾಲುಮಣೆ ಒತ್ತುವವರು, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಜೇನು ಕೀಳುವ ಸೋಲಿಗ ಬುಡಕಟ್ಟಿನವರೂ ಇದ್ದಾರೆ. ಪಾದಕ್ಕೆ ಆಗಬಹುದಾದ ಗಾಯಗಳ ಪಟ್ಟಿ ಈ ಕೆಲಸಗಳ ಪಟ್ಟಿಯ ಜೊತೆಜೊತೆಗೇ ಸಾಗುತ್ತದೆ.

ಮೂಳೆಗಳ ಜೋಡಣೆ

ಪಾದವನ್ನು ಮೂರು ಭಾಗವಾಗಿ ನೋಡುವುದು ರೂಢಿ. ಹಿಂಭಾಗದಲ್ಲಿ ಎರಡು ದೊಡ್ಡ ಮೂಳೆಗಳು: ಹಿಮ್ಮಡಿಯ ಮೂಳೆಯಾದ ಕ್ಯಾಲ್ಕೇನಿಯಸ್ ಮತ್ತು ಅದರ ಮೇಲೆ ಕೂತ ಟೇಲಸ್. ನಡುಭಾಗದಲ್ಲಿ ಐದು ಸಣ್ಣ ಮೂಳೆಗಳು: ಒಳಬದಿಯಲ್ಲಿ ದೋಣಿಯಾಕಾರದ ನ್ಯಾವಿಕ್ಯುಲರ್, ಹೊರಬದಿಯಲ್ಲಿ ಕ್ಯೂಬಾಯ್ಡ್, ನ್ಯಾವಿಕ್ಯುಲರ್‌ನ ಮುಂದೆ ಬೆಣೆಯಾಕಾರದ ಮೂರು ಕ್ಯೂನಿಫಾರ್ಮ್‌ಗಳು. ಮುಂಭಾಗದಲ್ಲಿ ಐದು ಉದ್ದನೆಯ ಮೆಟಟಾರ್ಸಲ್ ಮೂಳೆಗಳು, ಅವುಗಳ ತುದಿಗೆ ಬೆರಳಿನ 14 ಮೂಳೆಗಳು. ಹೆಬ್ಬೆರಳಿಗೆ ಎರಡು, ಉಳಿದ ನಾಲ್ಕು ಬೆರಳುಗಳಿಗೆ ಮೂರು ಮೂರು. ಹೆಬ್ಬೆರಳಿನ ಬುಡದ ಅಡಿಯಲ್ಲಿ ಟೆಂಡನ್‌ನೊಳಗೆ ಹುದುಗಿದ ಕಾಳಿನಷ್ಟು ಗಾತ್ರದ ಎರಡು ಮೂಳೆಗಳಿವೆ. ಅವನ್ನು 26ರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇವುಗಳಲ್ಲಿ ಟೇಲಸ್ ವಿಶೇಷವಾದದ್ದು. ಕಾಲಿನಿಂದ ಪಾದಕ್ಕೆ ಇಳಿಯುವ ಇಡೀ ಭಾರ ಹಾದುಹೋಗುವುದು ಇದರ ಮೂಲಕ. ಆದರೂ ಒಂದೇ ಒಂದು ಮಾಂಸಖಂಡವೂ ಇದಕ್ಕೆ ಅಂಟಿಕೊಂಡಿಲ್ಲ. ಮೇಲೆ, ಕೆಳಗೆ, ಮುಂದೆ ಇರುವ ಮೂಳೆಗಳ ಒತ್ತಡಕ್ಕೆ ತಕ್ಕಂತೆ ಅದು ಹೊರಳುತ್ತದೆ. ಅದರ ಮೇಲ್ಮೈಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮೃದ್ವಸ್ಥಿ ಆವರಿಸಿರುವುದರಿಂದ ರಕ್ತನಾಳಗಳು ಒಳಹೋಗಲು ಜಾಗ ಕಡಿಮೆ. ಹೀಗಾಗಿ ಟೇಲಸ್‌ನ ಕತ್ತಿನ ಭಾಗ ಮುರಿದರೆ ರಕ್ತ ಸಿಗದೆ ಮೂಳೆಯ ಒಂದು ಭಾಗವೇ ಸಾಯುವ ಅಪಾಯವಿದೆ.

ಗಿಣ್ಣಿನ ಕೀಲು

ಕಾಲ್ಗಿಣ್ಣಿನ ಎರಡು ಪಕ್ಕಗಳಲ್ಲಿ ಕೈಗೆ ಸಿಗುವ ಉಬ್ಬುಗಳು ಪಾದದ ಮೂಳೆಗಳಲ್ಲ. ಒಳಗಿನ ಉಬ್ಬು ಮೊಣಕಾಲಿನಿಂದ ಇಳಿದು ಬರುವ ದಪ್ಪ ಮೂಳೆಯಾದ ಟಿಬಿಯಾದ ತುದಿ. ಹೊರಗಿನದು ಅದರ ಪಕ್ಕದ ತೆಳು ಮೂಳೆಯಾದ ಫಿಬ್ಯುಲಾದ ತುದಿ. ಬಡಗಿ ಮರದಲ್ಲಿ ಕೊರೆದ ಕಚ್ಚಿನೊಳಗೆ ಇನ್ನೊಂದು ತುಂಡಿನ ನಾಲಿಗೆಯನ್ನು ಕೂರಿಸುವಂತೆ, ಈ ಎರಡು ತುದಿಗಳ ನಡುವೆ ಟೇಲಸ್ ಕೂತಿದೆ. ಎರಡೂ ಉಬ್ಬುಗಳನ್ನು ಬೆರಳಿನಿಂದ ಮುಟ್ಟಿ ನೋಡಿದರೆ ಹೊರಗಿನದು ಒಳಗಿನದಕ್ಕಿಂತ ಸುಮಾರು ಒಂದು ಸೆಂಟಿಮೀಟರ್ ಕೆಳಗೆ, ತುಸು ಹಿಂದಕ್ಕೆ ಇರುವುದು ತಿಳಿಯುತ್ತದೆ. ಪಾದ ಹೊರಕ್ಕೆ ತಿರುಗದಂತೆ ಈ ಉದ್ದನೆಯ ಹೊರ ಉಬ್ಬು ತಡೆಯುತ್ತದೆ. ಒಳಕ್ಕೆ ತಿರುಗದಂತೆ ತಡೆಯಲು ಒಳ ಉಬ್ಬಿಗೆ ಅಷ್ಟು ಉದ್ದವಿಲ್ಲ.

ಲಿಗಮೆಂಟ್‌ಗಳ ಹಂಚಿಕೆಯೂ ಹೀಗೇ ಅಸಮ. ಒಳಬದಿಯಲ್ಲಿ ಬೀಸಣಿಗೆಯಾಕಾರದ ಅಗಲವಾದ, ದಪ್ಪನೆಯ ಡೆಲ್ಟಾಯ್ಡ್ ಲಿಗಮೆಂಟ್ ಇದೆ. ಅದು ಹರಿಯುವ ಮೊದಲೇ ಕೆಲವೊಮ್ಮೆ ಮೂಳೆಯ ಚೂರು ಕಿತ್ತುಬರುತ್ತದೆ. ಹೊರಬದಿಯಲ್ಲಿ ಬಿಡಿಬಿಡಿಯಾದ ಮೂರು ಪಟ್ಟಿಗಳು: ಒಂದು ಮುಂದಕ್ಕೆ ಟೇಲಸ್‌ಗೆ, ಒಂದು ಕೆಳಕ್ಕೆ ಹಿಮ್ಮಡಿ ಮೂಳೆಗೆ, ಇನ್ನೊಂದು ಹಿಂದಕ್ಕೆ ಟೇಲಸ್‌ಗೆ. ಮೂರರಲ್ಲಿ ತೀರ ದುರ್ಬಲವಾದದ್ದು ಮುಂದಿನ ಪಟ್ಟಿ. ಇವಲ್ಲದೆ ಟಿಬಿಯಾ ಮತ್ತು ಫಿಬ್ಯುಲಾಗಳನ್ನು ಗಿಣ್ಣಿನ ಮೇಲೆ ಒಂದಕ್ಕೊಂದು ಬಿಗಿದಿಡುವ ಲಿಗಮೆಂಟ್‌ಗಳೂ ಇವೆ.

ಕಾಲು ಉಳುಕುವುದಕ್ಕೆ ಮುಖ್ಯ ಕಾರಣ ಟೇಲಸ್‌ನ ಆಕಾರದಲ್ಲಿದೆ. ಅದರ ಮೇಲ್ಭಾಗ ಮುಂದೆ ಅಗಲ, ಹಿಂದೆ ಕಿರಿದು. ಪಾದವನ್ನು ಮೇಲಕ್ಕೆ ಮಡಿಸಿದಾಗ ಅಗಲವಾದ ಭಾಗ ಎರಡು ಉಬ್ಬುಗಳ ನಡುವೆ ಒತ್ತಿ ಕೂರುತ್ತದೆ, ಕೀಲು ಬಿಗಿಯಾಗುತ್ತದೆ. ಬೆರಳುಗಳನ್ನು ಕೆಳಕ್ಕೆ ಚಾಚಿದಾಗ ಕಿರಿದಾದ ಭಾಗ ಅಲ್ಲಿಗೆ ಬಂದು, ಪಕ್ಕಗಳಲ್ಲಿ ಸಂದು ಉಳಿಯುತ್ತದೆ. ಕುರ್ಚಿಯಲ್ಲಿ ಕೂತು ಪಾದವನ್ನು ಮೇಲಕ್ಕೆ ಎಳೆದು ಹಿಡಿದು ಹಿಮ್ಮಡಿಯನ್ನು ಅಕ್ಕಪಕ್ಕ ಅಲುಗಿಸಿದರೆ ಅಲುಗಾಟ ಕಡಿಮೆ. ಬೆರಳುಗಳನ್ನು ಇಳಿಬಿಟ್ಟು ಅಲುಗಿಸಿದರೆ ಹೆಚ್ಚು. ಬೆಟ್ಟ ಹತ್ತುವಾಗ ಪಾದ ಮೇಲಕ್ಕೆ ಮಡಿಸಿರುತ್ತದೆ. ಇಳಿಯುವಾಗ, ಮುಖ್ಯವಾಗಿ ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಳಿಯುವಾಗ, ಬೆರಳುಗಳು ಕೆಳಕ್ಕೆ ಚಾಚಿ ಮೊದಲು ನೆಲ ಹುಡುಕುತ್ತವೆ. ಕೀಲು ಅತ್ಯಂತ ಸಡಿಲವಾಗಿರುವ ಆ ಭಂಗಿಯಲ್ಲೇ ದೇಹದ ಭಾರ ಬೀಳುತ್ತದೆ. ಹತ್ತುವಾಗ ಏದುಸಿರು, ಇಳಿಯುವಾಗ ಉಳುಕು ಎಂಬುದರ ಹಿಂದಿನ ಗುಟ್ಟು ಇದು.

ಕಮಾನುಗಳು

ಒದ್ದೆ ಪಾದ ಊರಿದರೆ ನೆಲದ ಮೇಲೆ ಇಡೀ ಅಂಗಾಲು ಮೂಡುವುದಿಲ್ಲ. ಒಳಬದಿ ಖಾಲಿ ಉಳಿಯುತ್ತದೆ. ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಎತ್ತರವಾದ ಒಂದು ಕಮಾನು, ಹಿಮ್ಮಡಿಯಿಂದ ಕಿರುಬೆರಳಿನ ಬುಡದವರೆಗೆ ತಗ್ಗಾದ ಇನ್ನೊಂದು, ಪಾದದ ಅಡ್ಡಕ್ಕೆ ಮೂರನೆಯದು ಇರುವುದರಿಂದ ಹೀಗಾಗುತ್ತದೆ. ಮೂಳೆಗಳ ಬೆಣೆಯಾಕಾರ, ಲಿಗಮೆಂಟ್‌ಗಳು, ಕಾಲಿನಿಂದ ಇಳಿದು ಬರುವ ಟೆಂಡನ್‌ಗಳು, ಪಾದದೊಳಗಿನ ಸಣ್ಣ ಮಾಂಸಖಂಡಗಳು ಸೇರಿ ಈ ಕಮಾನುಗಳನ್ನು ಎತ್ತಿ ಹಿಡಿಯುತ್ತವೆ.

ಅಂಗಾಲಿನ ಚರ್ಮದ ಒಳಗೆ ಹಿಮ್ಮಡಿ ಮೂಳೆಯಿಂದ ಬೆರಳುಗಳ ಬುಡಕ್ಕೆ ಹರಡಿದ ಗಟ್ಟಿ ಪಟ್ಟಿಯೊಂದಿದೆ. ಅದು ಪ್ಲಾಂಟರ್ ಫೇಷಿಯಾ. ಹೆಜ್ಜೆಯ ಕೊನೆಯಲ್ಲಿ ಹಿಮ್ಮಡಿ ಮೇಲೆದ್ದು ಬೆರಳುಗಳು ಹಿಂದಕ್ಕೆ ಮಡಿಸಿದಾಗ ಈ ಪಟ್ಟಿ ಬೆರಳುಗಳ ಬುಡವನ್ನು ಸುತ್ತಿ ಬಿಗಿಯುತ್ತದೆ, ಹಿಮ್ಮಡಿಯನ್ನು ಮುಂದಕ್ಕೆ ಸೆಳೆಯುತ್ತದೆ, ಕಮಾನು ಮೇಲೇಳುತ್ತದೆ. ಸಡಿಲವಾಗಿದ್ದ ಪಾದ ಒದೆಯುವ ಸನ್ನೆಕೋಲಾಗುವುದು ಹೀಗೆ. ಇದನ್ನು 1954ರಲ್ಲಿ ಬ್ರಿಟನ್ನಿನ ಹಿಕ್ಸ್ ವಿವರಿಸಿದರು. ಪಾದವನ್ನು ನೆಲಕ್ಕೆ ಊರಿ ಕೂತು ಹೆಬ್ಬೆರಳನ್ನು ಮಾತ್ರ ಕೈಯಿಂದ ಮೇಲಕ್ಕೆತ್ತಿದರೆ ಒಳಕಮಾನು ಏಳುವುದನ್ನು ಯಾರಾದರೂ ಕಣ್ಣಾರೆ ಕಾಣಬಹುದು.

ಚಿಕ್ಕ ಮಕ್ಕಳ ಪಾದ ಚಪ್ಪಟೆಯಾಗಿ ಕಾಣುವುದು ಸಹಜ. ಕಮಾನು ಸ್ಪಷ್ಟವಾಗುವುದು ಐದಾರು ವರ್ಷ ದಾಟುವಾಗ. ಈ ಬಗ್ಗೆ ಜಗತ್ತಿನಾದ್ಯಂತ ಉಲ್ಲೇಖಗೊಳ್ಳುವ ಅಧ್ಯಯನವೊಂದು ಕರ್ನಾಟಕದ್ದೇ. ಕಸ್ತೂರಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ ಅವರು 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಪರೀಕ್ಷಿಸಿ 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಲ್ಲಿ ಓಡಾಡುವವರಲ್ಲಿ ಅದು ಶೇ 2.8 ಮಾತ್ರ. ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಪ್ರಮಾಣ ಹೆಚ್ಚಾಗಿತ್ತು. ಎಳವೆಯಲ್ಲಿ ಪಾದದ ಸಣ್ಣ ಮಾಂಸಖಂಡಗಳಿಗೆ ಕೆಲಸ ಸಿಗಬೇಕು ಎಂಬುದು ಅದರಿಂದ ಹೊರಟ ತಿಳಿವಳಿಕೆ.

ಚಲನೆ

ಗಿಣ್ಣಿನ ಕೀಲು ಮೂಲತಃ ಬಾಗಿಲ ತಿರುಗಣಿಯಂಥದ್ದು. ಪಾದವನ್ನು ಮೇಲಕ್ಕೆ ಸುಮಾರು 20 ಡಿಗ್ರಿ, ಕೆಳಕ್ಕೆ ಸುಮಾರು 50 ಡಿಗ್ರಿ ತಿರುಗಿಸುತ್ತದೆ. ಅಂಗಾಲನ್ನು ಒಳಕ್ಕೂ ಹೊರಕ್ಕೂ ಹೊರಳಿಸುವುದು ಅದರ ಕೆಳಗಿನ, ಟೇಲಸ್ ಮತ್ತು ಹಿಮ್ಮಡಿ ಮೂಳೆಗಳ ನಡುವಿನ ಕೀಲು. ಒಳಕ್ಕೆ ಹೊರಳುವಷ್ಟು ಪಾದ ಹೊರಕ್ಕೆ ಹೊರಳುವುದಿಲ್ಲ. ಹೊರಹೊರಳು ಒಳಹೊರಳಿನ ಅರ್ಧದಷ್ಟು. ಗದ್ದೆಯ ಬದುವಿನ ಮೇಲೆ, ಉಬ್ಬುತಗ್ಗಿನ ಕಾಡುದಾರಿಯಲ್ಲಿ ದೇಹ ನೆಟ್ಟಗೆ ಉಳಿಯುವುದು ಈ ಎರಡನೆಯ ಕೀಲಿನಿಂದ.

ಈ ಕೀಲಿನ ಬೆಲೆ ಗೊತ್ತಾದದ್ದು ಕೃತಕ ಪಾದಗಳಿಂದ. ಪಶ್ಚಿಮದಿಂದ ಬಂದ, ಒಳಗೆ ಮರದ ತಿರುಳಿದ್ದ ಕೃತಕ ಪಾದ ಹಾಕಿಕೊಂಡವರು ಕುಕ್ಕರಗಾಲಲ್ಲಿ ಕೂರಲಾರದೆ, ಹೊಲದಲ್ಲಿ ನಡೆಯಲಾರದೆ ಹೋದರು. 1968ರ ಹೊತ್ತಿಗೆ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ವೈದ್ಯ ಪಿ. ಕೆ. ಸೇಥಿ ರೂಪಿಸಿದ ರಬ್ಬರಿನ ಪಾದ ಎಲ್ಲ ದಿಕ್ಕಿಗೂ ಬಾಗುವಂತಿತ್ತು. ಶೂ ಇಲ್ಲದೆಯೂ ಅದರಲ್ಲಿ ನಡೆಯಬಹುದು, ಕೆಸರಿಗೆ ಇಳಿಯಬಹುದು, ನೆಲದ ಮೇಲೆ ಕೂರಬಹುದು.

ಪಾದವನ್ನು ಆಡಿಸುವ ದೊಡ್ಡ ಮಾಂಸಖಂಡಗಳು ಇರುವುದು ಪಾದದಲ್ಲಲ್ಲ, ಮೊಣಕಾಲಿನ ಕೆಳಗೆ. ಹಿಂದಿನ ಮೀನಖಂಡದ ಎರಡು ಮಾಂಸಖಂಡಗಳು ಒಂದಾಗಿ ಅಕಿಲೀಸ್ ಟೆಂಡನ್ ಮೂಲಕ ಹಿಮ್ಮಡಿಗೆ ಸೇರಿ ಪಾದವನ್ನು ಕೆಳಕ್ಕೆ ಒತ್ತುತ್ತವೆ. ಮಗ್ಗದ ಕಾಲುಮಣೆ ತುಳಿಯುವುದು, ತುದಿಗಾಲಲ್ಲಿ ನಿಲ್ಲುವುದು ಇವುಗಳ ಕೆಲಸ. ಮುಂದಿನ ಟಿಬಿಯಾಲಿಸ್ ಆಂಟೀರಿಯರ್ ಪಾದವನ್ನು ಮೇಲಕ್ಕೆತ್ತುತ್ತದೆ. ಹೊರಬದಿಯ ಪೆರೋನಿಯಲ್ ಮಾಂಸಖಂಡಗಳ ಟೆಂಡನ್‌ಗಳು ಹೊರ ಉಬ್ಬಿನ ಹಿಂದಿನಿಂದ ಹಾದು ಪಾದವನ್ನು ಹೊರಕ್ಕೆ ಎಳೆಯುತ್ತವೆ. ಕಾಲು ಒಳಕ್ಕೆ ಹೊರಳಲು ಹೊರಟಾಗ ತಡೆಹಿಡಿಯುವುದು ಇವೇ. ಒಳ ಉಬ್ಬಿನ ಹಿಂದಿನಿಂದ ಬರುವ ಟಿಬಿಯಾಲಿಸ್ ಪೋಸ್ಟೀರಿಯರ್ ಒಳಕಮಾನನ್ನು ಎತ್ತಿ ಹಿಡಿಯುತ್ತದೆ.

ಮಲೆ ಮಹದೇಶ್ವರನ ಭಕ್ತರಾದ ಗುಡ್ಡರು ಆಡುವ ಬೀಸು ಕಂಸಾಳೆ ಕುಣಿತದಲ್ಲಿ ಈ ಎಲ್ಲ ಚಲನೆಗಳೂ ಒಂದರ ಹಿಂದೆ ಒಂದು ಬರುತ್ತವೆ. ಕಂಚಿನ ತಾಳವನ್ನು ಬೀಸುತ್ತಲೇ ಆಟಗಾರ ಕುಕ್ಕರಿಸುತ್ತಾನೆ, ಮಂಡಿಯೂರುತ್ತಾನೆ, ಥಟ್ಟನೆ ಎದ್ದು ತುದಿಗಾಲಲ್ಲಿ ತಿರುಗುತ್ತಾನೆ. ಕುಕ್ಕರಿಸಿದಾಗ ಗಿಣ್ಣು ಪೂರ್ತಿ ಮಡಿಸಿ ಬಿಗಿಯಾಗಿರುತ್ತದೆ. ತುದಿಗಾಲಲ್ಲಿ ತಿರುಗುವಾಗ ಕೀಲು ಸಡಿಲ, ಆಗ ಅದನ್ನು ಕಾಯುವುದು ಲಿಗಮೆಂಟ್ ಅಲ್ಲ, ಪಳಗಿದ ಮಾಂಸಖಂಡ.

ಉಳುಕು

ಗಿಣ್ಣಿನ ಗಾಯಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಉಳುಕು. ಪಾದ ಕೆಳಕ್ಕೆ ಚಾಚಿರುವಾಗ ಒಳಕ್ಕೆ ಹೊರಳುತ್ತದೆ, ಹೊರಬದಿಯ ಲಿಗಮೆಂಟ್ ಎಳೆದು ಹರಿಯುತ್ತದೆ. ಗಿಣ್ಣಿನ ಉಳುಕುಗಳಲ್ಲಿ ಸುಮಾರು ಶೇ 85ರಷ್ಟು ಹೊರಬದಿಯವೇ. ಮೊದಲು ಹರಿಯುವುದು ಮುಂದಿನ ದುರ್ಬಲ ಪಟ್ಟಿ, ಬಳಿಕ ಹಿಮ್ಮಡಿಗೆ ಇಳಿಯುವ ಪಟ್ಟಿ.

ವೈದ್ಯರು ಇದನ್ನು ಮೂರು ದರ್ಜೆಯಾಗಿ ನೋಡುತ್ತಾರೆ. ಒಂದನೆಯದರಲ್ಲಿ ಎಳೆಗಳು ಹಿಗ್ಗಿರುತ್ತವೆ; ಸ್ವಲ್ಪ ಊತ, ನಡೆಯಲು ಆಗುತ್ತದೆ, ಒಂದೆರಡು ವಾರದಲ್ಲಿ ವಾಸಿ. ಎರಡನೆಯದರಲ್ಲಿ ಅರ್ಧ ಹರಿದಿರುತ್ತದೆ. ಊತದ ಜೊತೆ ಚರ್ಮ ಕಪ್ಪುನೀಲಿಯಾಗುತ್ತದೆ, ಮೂರರಿಂದ ಆರು ವಾರ ಬೇಕು. ಮೂರನೆಯದರಲ್ಲಿ ಪೂರ್ತಿ ಹರಿದು ಕೀಲು ತೂಗಾಡುತ್ತದೆ, ಸರಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಪಾದ ಹೊರಕ್ಕೆ ತಿರುಚಿ ಗಿಣ್ಣಿನ ಮೇಲ್ಭಾಗದಲ್ಲಿ, ಎರಡು ಮೂಳೆಗಳ ನಡುವಿನ ಕಟ್ಟು ಹರಿದಿದ್ದರೆ ಊತ ಕಡಿಮೆ ಕಂಡರೂ ವಾಸಿಯಾಗಲು ಹೆಚ್ಚು ಕಾಲ ಬೇಕು.

ಮೊದಲ ಎರಡು ಮೂರು ದಿನ ಪಾದಕ್ಕೆ ಬಿಡುವು, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹದಿನೈದು ಇಪ್ಪತ್ತು ನಿಮಿಷ ಇಡುವುದು, ಹಿಗ್ಗುವ ಪಟ್ಟಿ ಸುತ್ತುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು ರೂಢಿಯ ಕ್ರಮ. ಬೆರಳು ಜೋಮು ಹಿಡಿಯುವಷ್ಟು, ತಣ್ಣಗಾಗುವಷ್ಟು ಪಟ್ಟಿ ಬಿಗಿಯಬಾರದು. ಉಳುಕಿದ ಕೂಡಲೇ ಎಣ್ಣೆ ಹಚ್ಚಿ ನೀವಿ, ಎಳೆದು, 'ಉಳುಕು ತೆಗೆಸುವ' ಪದ್ಧತಿ ಊರೂರಲ್ಲಿದೆ. ಹೊಸದಾಗಿ ಹರಿದ ಎಳೆಗಳನ್ನು ಬಲವಾಗಿ ತಿಕ್ಕಿದರೆ, ಬಿಸಿ ಶಾಖ ಕೊಟ್ಟರೆ ಒಳಗಿನ ರಕ್ತಸ್ರಾವ ಹೆಚ್ಚಿ ಊತ ಏರುತ್ತದೆ. ಒಳಗೆ ಮೂಳೆ ಮುರಿದಿದ್ದರೆ ತುಂಡುಗಳು ಜರುಗುತ್ತವೆ.

ಹಾಗೆಂದು ವಾರಗಟ್ಟಲೆ ಕಾಲನ್ನು ಅಲುಗಿಸದೆ ಇಡುವುದೂ ಒಳ್ಳೆಯದಲ್ಲ. ನೋವು ತಾಳುವಷ್ಟರ ಮಟ್ಟಿಗೆ ಬೇಗನೆ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಭಾರ ಊರುವುದು ಈಗಿನ ಚಿಕಿತ್ಸೆಯ ದಾರಿ. ಲಿಗಮೆಂಟ್ ಬರೀ ಕಟ್ಟಲ್ಲ. ಕೀಲು ಯಾವ ಕೋನದಲ್ಲಿದೆ ಎಂದು ಮಿದುಳಿಗೆ ತಿಳಿಸುವ ನರತುದಿಗಳು ಅದರಲ್ಲಿವೆ. ಅವು ಹಾಳಾದಾಗ ಪೆರೋನಿಯಲ್ ಮಾಂಸಖಂಡಕ್ಕೆ ಎಚ್ಚರಿಕೆ ತಡವಾಗಿ ಮುಟ್ಟುತ್ತದೆ. ಒಮ್ಮೆ ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಇದೂ ಒಂದು ಕಾರಣ. ಗೋಡೆಯ ಪಕ್ಕ ಒಂಟಿಕಾಲಲ್ಲಿ ನಿಲ್ಲುವುದು, ರೂಢಿಯಾದ ಮೇಲೆ ಕಣ್ಣು ಮುಚ್ಚಿ ನಿಲ್ಲುವುದು, ಹಿಮ್ಮಡಿಯನ್ನು ನಿಧಾನಕ್ಕೆ ಎತ್ತಿ ಇಳಿಸುವುದು ಈ ಅರಿವನ್ನು ಮರಳಿ ಕಲಿಸುವ ವ್ಯಾಯಾಮಗಳು. ನೋವು ಹೋಗುತ್ತಿದ್ದಂತೆ ಇವನ್ನು ಕೈಬಿಟ್ಟವರ ಕಾಲು ಮತ್ತೆ ಹೊರಳುವ ಸಂಭವ ಹೆಚ್ಚು.

ಮುರಿತ

ಉಳುಕೋ ಮುರಿತವೋ ಎಂದು ಹೊರಗಿನಿಂದ ಹೇಳುವುದು ಕಷ್ಟ. ಎರಡರಲ್ಲೂ ಊತವಿದೆ, ನೋವಿದೆ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ನಿಯಮಗಳು ಇದಕ್ಕೆ ನೆರವಾಗುತ್ತವೆ. ಒಳ ಅಥವಾ ಹೊರ ಉಬ್ಬಿನ ತುದಿಯಲ್ಲಾಗಲಿ, ಅದರ ಹಿಂಬದಿಯ ಅಂಚಿನಲ್ಲಿ ಆರು ಸೆಂಟಿಮೀಟರ್‌ವರೆಗಾಗಲಿ ಮೂಳೆಯ ಮೇಲೆ ಒತ್ತಿದರೆ ನೋವಿದೆಯೇ? ಪಾದದ ಹೊರ ಅಂಚಿನ ನಡುವೆ, ಐದನೇ ಮೆಟಟಾರ್ಸಲ್‌ನ ಬುಡದಲ್ಲಿ ನೋವಿದೆಯೇ? ಒಳಬದಿಯ ನ್ಯಾವಿಕ್ಯುಲರ್ ಮೇಲೆ ನೋವಿದೆಯೇ? ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಹಾಕಲು ಆಗುತ್ತಿಲ್ಲವೇ? ಇವುಗಳಲ್ಲಿ ಒಂದಕ್ಕೆ ಹೌದೆಂದರೂ ಎಕ್ಸ್‌ರೇ ಬೇಕು. ಎಲ್ಲಕ್ಕೂ ಇಲ್ಲವೆಂದರೆ ಮುರಿತದ ಸಂಭವ ತೀರ ಕಡಿಮೆ. ಬೆಟ್ಟದ ದಾರಿಯಲ್ಲಿ, ಎಕ್ಸ್‌ರೇ ಇಲ್ಲದ ಕಡೆಯಲ್ಲಿ ಪೆಟ್ಟಾದಾಗ ಯಾರನ್ನು ಕೊಳ್ಳೇಗಾಲಕ್ಕೋ ಚಾಮರಾಜನಗರಕ್ಕೋ ಕಳುಹಿಸಬೇಕು ಎಂದು ತೀರ್ಮಾನಿಸಲು ಈ ನಾಲ್ಕು ಪ್ರಶ್ನೆಗಳು ನೆರವಾಗುತ್ತವೆ.

ಪಾದ ತಿರುಚಿದಾಗ ಸಾಮಾನ್ಯವಾಗಿ ಮುರಿಯುವುದು ಹೊರ ಉಬ್ಬು. ಎರಡೂ ಉಬ್ಬು ಮುರಿದರೆ ಟೇಲಸ್ ಜಾರುವುದರಿಂದ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಟೇಲಸ್ ಒಂದೇ ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಭಾರ ಹೊರುವ ಮೇಲ್ಮೈ ಗಣನೀಯವಾಗಿ ಕಡಿಮೆಯಾಗಿ, ಕೀಲು ಬೇಗ ಸವೆಯುತ್ತದೆ. ಪುತ್ತೂರು ಕಟ್ಟಿನಂಥ ನಾಟಿ ಚಿಕಿತ್ಸೆಯಲ್ಲಿ ಮೂಳೆ ಕೂಡಿದರೂ ಈ ಮಿಲಿಮೀಟರ್ ಲೆಕ್ಕ ಸಿಗುವುದಿಲ್ಲ. ಕಾಲಿನ ನಡುಭಾಗದ ಸರಳ ಮುರಿತಕ್ಕೂ ಕೀಲಿನೊಳಗಿನ ಮುರಿತಕ್ಕೂ ಇರುವ ವ್ಯತ್ಯಾಸ ಇದೇ.

ಐದನೇ ಮೆಟಟಾರ್ಸಲ್‌ನ ಬುಡದ ಬಳಿಯ ಮುರಿತವನ್ನು 1902ರಲ್ಲಿ ಬ್ರಿಟನ್ನಿನ ಸರ್ಜನ್ ರಾಬರ್ಟ್ ಜೋನ್ಸ್ ವಿವರಿಸಿದರು. ಕುಣಿಯುವಾಗ ಅವರ ಪಾದಕ್ಕೇ ಆದ ಗಾಯವದು. ಅಲ್ಲಿ ರಕ್ತ ಪೂರೈಕೆ ಕಡಿಮೆಯಾದ್ದರಿಂದ ಕೂಡುವುದು ನಿಧಾನ.

ಒಂದೇ ಪೆಟ್ಟಿನಿಂದಲ್ಲದೆ, ಸಾವಿರ ಸಣ್ಣ ಹೊರೆಗಳಿಂದ ಆಗುವ ಮುರಿತವೂ ಇದೆ. ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಎಕ್ಸ್‌ರೇ ಕಂಡುಹಿಡಿಯುವುದಕ್ಕೆ ನಲವತ್ತು ವರ್ಷ ಮೊದಲು, 1855ರಲ್ಲೇ ಕವಾಯತಿನ ನಡಿಗೆಯಿಂದ ಊದಿದ ಸೈನಿಕರ ಪಾದಗಳ ಬಗ್ಗೆ ಬರೆದರು. ಎರಡನೇ, ಮೂರನೇ ಮೆಟಟಾರ್ಸಲ್‌ಗಳಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುವುದೇ ಇದು. ರೂಢಿಯಿಲ್ಲದವರು ಒಮ್ಮೆಗೇ ದೂರದ ಪಾದಯಾತ್ರೆ ಹೊರಟರೆ ಈ ಅಪಾಯವಿದೆ. ನಡೆದಷ್ಟೂ ಹೆಚ್ಚುವ, ಕೂತರೆ ತಗ್ಗುವ, ಬೆರಳಿನಿಂದ ಒಂದೇ ಬಿಂದುವಿನಲ್ಲಿ ತೋರಿಸಬಹುದಾದ ನೋವು ಅದರ ಲಕ್ಷಣ. ಮೊದಲ ವಾರಗಳಲ್ಲಿ ಎಕ್ಸ್‌ರೇಯಲ್ಲಿ ಬಿರುಕು ಕಾಣದಿರಬಹುದು. ಹೊರಡುವ ಆರೆಂಟು ವಾರ ಮೊದಲಿನಿಂದ ನಡಿಗೆಯ ದೂರವನ್ನು ಸ್ವಲ್ಪ ಸ್ವಲ್ಪವೇ ಏರಿಸಿಕೊಂಡು ಬಂದರೆ ಮೂಳೆ ತನ್ನನ್ನು ಬಲಪಡಿಸಿಕೊಳ್ಳುತ್ತದೆ.

ತೆಂಗಿನ ಮರದಿಂದ, ಜೇನು ಕೀಳುವ ಬಂಡೆಯಿಂದ, ಮನೆಯ ಸಾರುವೆಯಿಂದ ಬಿದ್ದು ಹಿಮ್ಮಡಿಯೂರಿದಾಗ ಕ್ಯಾಲ್ಕೇನಿಯಸ್ ನುಚ್ಚಾಗುತ್ತದೆ. ಹಿಮ್ಮಡಿ ಅಗಲವಾಗಿ, ಅಂಗಾಲಿನಲ್ಲಿ ಕಪ್ಪು ಕಲೆ ಮೂಡುತ್ತದೆ. ಇಂಥವರಲ್ಲಿ ಹತ್ತರಲ್ಲಿ ಒಬ್ಬರಿಗೆ ಬೆನ್ನುಮೂಳೆಯೂ ಮುರಿದಿರುತ್ತದೆ. ಹಿಮ್ಮಡಿ ನೋವಿನ ಗದ್ದಲದಲ್ಲಿ ಬೆನ್ನನ್ನು ಪರೀಕ್ಷಿಸಲು ಮರೆಯಬಾರದು, ಬಿದ್ದವರನ್ನು ಎಬ್ಬಿಸಿ ನಡೆಸಬಾರದು.

ಮಕ್ಕಳಲ್ಲಿ ಮೂಳೆ ಬೆಳೆಯುವ ಮೃದುವಾದ ಫಲಕ ಲಿಗಮೆಂಟ್‌ಗಿಂತ ದುರ್ಬಲ. ದೊಡ್ಡವರಿಗೆ ಉಳುಕಾಗುವ ತಿರುಚಿಗೆ ಮಕ್ಕಳಲ್ಲಿ ಆ ಫಲಕ ಬಿಟ್ಟುಕೊಳ್ಳಬಹುದು. ಹೀಗಾಗಿ ಮಕ್ಕಳ 'ಉಳುಕನ್ನು' ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಹಿಮ್ಮಡಿಯ ನೋವು, ಟೆಂಡನ್ ಹರಿಯುವುದು

ಬೆಳಗ್ಗೆ ಹಾಸಿಗೆಯಿಂದಿಳಿದು ಇಡುವ ಮೊದಲ ಹೆಜ್ಜೆಯಲ್ಲೇ ಹಿಮ್ಮಡಿಯ ಅಡಿಯಲ್ಲಿ ಸೂಜಿ ಚುಚ್ಚಿದಂಥ ನೋವು, ಹತ್ತು ಹೆಜ್ಜೆಯ ಬಳಿಕ ಕಡಿಮೆ, ಸಂಜೆಗೆ ಮತ್ತೆ ಹೆಚ್ಚು. ಇದು ಪ್ಲಾಂಟರ್ ಫೇಷಿಯಾ ಹಿಮ್ಮಡಿಗೆ ಅಂಟುವ ಜಾಗದ ಸವೆತ. ದಿನವಿಡೀ ನಿಂತು ಕೆಲಸ ಮಾಡುವವರಲ್ಲಿ, ತೂಕ ಹೆಚ್ಚಿದವರಲ್ಲಿ, ಮೀನಖಂಡ ಬಿಗಿದವರಲ್ಲಿ ಹೆಚ್ಚು. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮುಳ್ಳಿನ ಮೇಲೆ ತಪ್ಪು ಹೊರಿಸುವುದು ಸಾಮಾನ್ಯ, ಆದರೆ ನೋವಿಲ್ಲದ ಎಷ್ಟೋ ಹಿಮ್ಮಡಿಗಳಲ್ಲೂ ಆ ಮುಳ್ಳಿರುತ್ತದೆ. ಮೀನಖಂಡ ಮತ್ತು ಅಂಗಾಲನ್ನು ದಿನವೂ ಎಳೆದು ಹಿಗ್ಗಿಸುವುದು, ಮೆತ್ತನೆಯ ಹಿಮ್ಮಡಿಯ ಚಪ್ಪಲಿ, ತಾಳ್ಮೆ ಇಷ್ಟರಲ್ಲೇ ಬಹುಮಂದಿಗೆ ತಿಂಗಳುಗಳೊಳಗೆ ವಾಸಿಯಾಗುತ್ತದೆ.

ಅಕಿಲೀಸ್ ಟೆಂಡನ್ ದೇಹದಲ್ಲೇ ಅತಿ ದಪ್ಪನೆಯ, ಅತಿ ಬಲವಾದ ಟೆಂಡನ್. ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತ ಕಡಿಮೆ; ಹರಿಯುವುದು ಅಲ್ಲೇ. ಕಬಡ್ಡಿಯಲ್ಲೋ ಷಟಲ್‌ನಲ್ಲೋ ಥಟ್ಟನೆ ಚಿಮ್ಮಿದ ನಡುವಯಸ್ಸಿನವರಿಗೆ ಹಿಂದಿನಿಂದ ಯಾರೋ ಒದ್ದಂತೆ ಭಾಸವಾಗುತ್ತದೆ. ತಿರುಗಿ ನೋಡಿದರೆ ಯಾರೂ ಇರುವುದಿಲ್ಲ. ಬೋರಲು ಮಲಗಿಸಿ ಮೀನಖಂಡವನ್ನು ಹಿಂಡಿದಾಗ ಪಾದ ಕೆಳಕ್ಕೆ ಬಾಗದಿದ್ದರೆ ಟೆಂಡನ್ ಹರಿದಿದೆ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್‌ಗಳು ಮತ್ತು ಸ್ಟೀರಾಯ್ಡ್‌ಗಳು ಈ ಅಪಾಯವನ್ನು ಹೆಚ್ಚಿಸುತ್ತವೆ. ಅರುವತ್ತು ದಾಟಿದವರಂತೂ ಇವನ್ನು ವೈದ್ಯರ ಮಾತಿಲ್ಲದೆ ನುಂಗಬಾರದು.

ಚರ್ಮ ಮತ್ತು ಮುಳ್ಳು

ಪಾದಯಾತ್ರಿಗಳನ್ನು ಹೆಚ್ಚು ಕಾಡುವುದು ಮೂಳೆಯಲ್ಲ, ಚರ್ಮ. ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ ಚರ್ಮದ ಪದರಗಳು ಬೇರ್ಪಟ್ಟು ಬೊಕ್ಕೆ ಏಳುತ್ತದೆ. ಬಿಸಿಲಿನಲ್ಲಿ ಕಾದ ಡಾಂಬರು ಬರಿಗಾಲಿಗೆ ನೇರ ಸುಟ್ಟ ಗಾಯವನ್ನೇ ಮಾಡುತ್ತದೆ. ಬೊಕ್ಕೆಯ ಮೇಲಿನ ಚರ್ಮ ಕಿತ್ತರೆ ಸೋಂಕಿಗೆ ಬಾಗಿಲು ತೆರೆದಂತೆ. ತೊಳೆದು, ಒಣಗಿಸಿ, ಬಟ್ಟೆ ಕಟ್ಟಿ ಬಿಡುವುದು ಸರಿ. ಒತ್ತಡ ಬಿದ್ದಲ್ಲಿ ಚರ್ಮ ಗಟ್ಟಿಯಾಗಿ ಆಣಿಯಾಗುತ್ತದೆ, ಒಣಗಿದ ಹಿಮ್ಮಡಿ ಒಡೆಯುತ್ತದೆ. ಬ್ಲೇಡಿನಿಂದ ಆಣಿ ಕೊಯ್ದುಕೊಳ್ಳುವ ಅಭ್ಯಾಸ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ದೊಡ್ಡ ಹುಣ್ಣಿಗೆ ದಾರಿ.

ಮುಳ್ಳು, ಮೊಳೆ ಚುಚ್ಚಿದರೆ ಧನುರ್ವಾಯುವಿನ ಲಸಿಕೆ ಆಗಿದೆಯೇ ಎಂದು ನೋಡಬೇಕು. ಮುಳ್ಳಿನ ಜೊತೆ ಒಳಹೋದ ಶಿಲೀಂಧ್ರ ಅಥವಾ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಬೆಳೆದು, ನೋವಿಲ್ಲದೆ ಪಾದವನ್ನು ಊದಿಸಿ, ತೂತುಗಳಿಂದ ಕಾಳುಕಾಳಾದ ಕೀವು ಸುರಿಸುವ ರೋಗವೂ ಇದೆ. ನೆರೆಯ ತಮಿಳುನಾಡಿನ ಮಧುರೆಯಲ್ಲಿ 1842ರಲ್ಲಿ ಜಾನ್ ಗಿಲ್ ಎಂಬ ವೈದ್ಯರು ವಿವರಿಸಿದ್ದರಿಂದ ಇದಕ್ಕೆ ಮಧುರಾ ಪಾದವೆಂಬ ಹೆಸರು ಬಂತು. ಬರಿಗಾಲಲ್ಲಿ ಹೊಲಗೆಲಸ ಮಾಡುವವರಲ್ಲಿ ಕಾಣುವ ಈ ರೋಗ ಮೂಳೆಗೆ ಇಳಿಯುವ ಮೊದಲು ಪತ್ತೆಯಾದರೆ ಔಷಧಿಗೆ ಬಗ್ಗುವ ಸಂಭವ ಹೆಚ್ಚು.

ನೋವಿಲ್ಲದ ಪಾದ

ನೋವು ಪಾದದ ಕಾವಲು. ಒಂದೇ ಜಾಗದಲ್ಲಿ ಒತ್ತಡ ಹೆಚ್ಚಾದರೆ ಅದು ಹೆಜ್ಜೆಯನ್ನು ತಿದ್ದಿಸುತ್ತದೆ. ಆ ಕಾವಲು ಹೋದಾಗ ಏನಾಗುತ್ತದೆ ಎಂಬುದನ್ನು ಯಳಂದೂರು ಸೀಮೆ ಹತ್ತಿರದಿಂದ ಕಂಡಿದೆ. ತಾಲ್ಲೂಕಿನಲ್ಲಿ ಕುಷ್ಠರೋಗ ವ್ಯಾಪಕವಾಗಿದ್ದ ಕಾಲದಲ್ಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಅವರೇ 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದರು. ಅದರ ಮೊದಲ ಕೆಲಸ ಕುಷ್ಠರೋಗದ ಪತ್ತೆ ಮತ್ತು ಚಿಕಿತ್ಸೆ.

ಕುಷ್ಠದ ಬ್ಯಾಕ್ಟೀರಿಯಾ ನರಗಳನ್ನು ಹಾಳುಮಾಡುತ್ತದೆ. ಗಿಣ್ಣಿನ ಒಳಬದಿಯ ನರ ಹೋದರೆ ಅಂಗಾಲಿಗೆ ಸ್ಪರ್ಶವಿಲ್ಲ. ಮೊಣಕಾಲಿನ ಹೊರಬದಿಯಲ್ಲಿ ಫಿಬ್ಯುಲಾದ ಕತ್ತನ್ನು ಸುತ್ತಿಬರುವ ನರ ಹೋದರೆ ಪಾದವನ್ನು ಮೇಲೆತ್ತಲಾಗದೆ ಮುಂಗಾಲು ಜೋತುಬೀಳುತ್ತದೆ. ಕಳೆ ಕೀಳಲೋ ನಾಟಿ ಮಾಡಲೋ ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತವರಿಗೂ ಇದೇ ನರ ಒತ್ತಿ ಪಾದ ಜೋತುಬೀಳಬಹುದು. ಅದು ಸಾಮಾನ್ಯವಾಗಿ ವಾರಗಳಲ್ಲಿ ಮರಳುತ್ತದೆ. ಕುಷ್ಠದಲ್ಲಿ ಮರಳದಿದ್ದರೆ ಒಳಬದಿಯ ಟಿಬಿಯಾಲಿಸ್ ಪೋಸ್ಟೀರಿಯರ್ ಟೆಂಡನ್ ಅನ್ನು ಪಾದದ ಮೇಲ್ಭಾಗಕ್ಕೆ ತಿರುಗಿಸಿ ಜೋಡಿಸುವ ಶಸ್ತ್ರಚಿಕಿತ್ಸೆ ಇದೆ. ವೆಲ್ಲೂರಿನಲ್ಲಿ ಕೆಲಸ ಮಾಡಿದ ಸರ್ಜನ್ ಪಾಲ್ ಬ್ರಾಂಡ್ ತೋರಿಸಿಕೊಟ್ಟ ಮುಖ್ಯ ಸಂಗತಿಯೆಂದರೆ, ಕುಷ್ಠ ರೋಗಿಯ ಪಾದ ರೋಗದಿಂದ ತಾನಾಗಿ ಕೊಳೆಯುವುದಿಲ್ಲ; ಅರಿವಿಗೆ ಬಾರದ ಗಾಯಗಳ ಮೇಲೆಯೇ ನಡೆದು ನಡೆದು ಹಾಳಾಗುತ್ತದೆ. ಮೆತ್ತನೆಯ ರಬ್ಬರಿನ ಅಟ್ಟೆಯ ಚಪ್ಪಲಿ ಮದ್ದಿನಷ್ಟೇ ಮುಖ್ಯವಾದದ್ದು ಹೀಗೆ.

ಇಂದು ಅದೇ ಪಾಠ ಸಕ್ಕರೆ ಕಾಯಿಲೆಗೆ ಬೇಕಾಗಿದೆ. ದೀರ್ಘಕಾಲದ ಸಕ್ಕರೆ ಕಾಯಿಲೆ ಪಾದದ ಸ್ಪರ್ಶವನ್ನು ಬೆರಳ ತುದಿಯಿಂದ ಮೇಲಕ್ಕೆ ಕಳೆಯುತ್ತ ಹೋಗುತ್ತದೆ, ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಕೆಲವರಲ್ಲಿ ನೋವಿಲ್ಲದೆಯೇ ಪಾದ ಕೆಂಪಾಗಿ, ಬಿಸಿಯಾಗಿ ಊದಿ, ನಡುಭಾಗದ ಮೂಳೆಗಳು ಮುರಿದು ಕಮಾನು ಕುಸಿಯುತ್ತದೆ. ಇದನ್ನು ಸೋಂಕೆಂದೋ ಉಳುಕೆಂದೋ ತಿಳಿದು ನಡೆಯುತ್ತಲೇ ಇದ್ದರೆ ಪಾದದ ಆಕಾರವೇ ಕೆಡುತ್ತದೆ. ಆಸ್ಪತ್ರೆಯಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ತಾಗಿಸಿ, ಅದು ಗೊತ್ತಾಗುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ಗೊತ್ತಾಗದವರು ಬರಿಗಾಲ ಹರಕೆ ಹೊರಬಾರದು. ರಾತ್ರಿ ಮಲಗುವ ಮುನ್ನ ಅಂಗಾಲು ಮತ್ತು ಬೆರಳ ಸಂದುಗಳನ್ನು ಕನ್ನಡಿಯಲ್ಲಿ ನೋಡಿಕೊಳ್ಳುವುದು, ಚಪ್ಪಲಿ ಮೆಟ್ಟುವ ಮುನ್ನ ಒಳಗೆ ಕೈಯಾಡಿಸುವುದು, ನೀರಿನ ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ನೋಡುವುದು, ಬೊಕ್ಕೆಯಾಗಲಿ ಹುಣ್ಣಾಗಲಿ ಕಂಡ ದಿನವೇ ವೈದ್ಯರಿಗೆ ತೋರಿಸುವುದು ಅವರ ನಿತ್ಯದ ಕ್ರಮವಾಗಬೇಕು.